ಬಾಲ್ಕನಿಗೆ ಬಂದ ಅಮ್ಮಿ

ನಮ್ಮ ಅಮ್ಮಿಗೆ ತಾರಸಿಯೆಂದರೆ ಅರ್ಧ ತವರುಮನೆ. ಶಿಡ್ಲಘಟ್ಟದ ನಮ್ಮ ಬೀದಿಯಲ್ಲಿ ಮನೆಗಳು ಗೋಡೆಗೆ ಗೋಡೆ ಅಂಟಿಕೊಂಡಿವೆ. ಸಂಜೆಯಾದರೆ ಸಾಕು, ಪಕ್ಕದ ತಾರಸಿಯ ಆಂಟಿಯೊಂದಿಗೆ ಕನ್ನಡ, ತೆಲುಗು, ಉರ್ದು ಮೂರನ್ನೂ ಕಲಸಿ ಹರಟುತ್ತಿದ್ದಳು. ಹೋದ ಮಳೆಗಾಲದಲ್ಲಿ ತಾರಸಿಯ ಮೆಟ್ಟಿಲ ಮೇಲೆ ಜಾರಿಬಿದ್ದು ಕಾಲು ಮುರಿಯಿತು. ಮೂಳೆ ಕೂಡಿತು, ಧಾರಾಳವಾಗಿ ಮೆಟ್ಟಿಲು ಹತ್ತಿ ಎಂದು ಡಾಕ್ಟರೂ ಹೇಳಿದರು. ಅಮ್ಮಿ ಮಾತ್ರ ಹತ್ತಲಿಲ್ಲ. ಗೋಡೆಯಾಚೆಗಿನ ಆಂಟಿಗೆ ಫೋನ್ ಮಾಡಿ ಮಾತಾಡುತ್ತಿದ್ದಳು. ಕೇಳಿದಾಗ ನಗು ಬರುತ್ತಿತ್ತು, ಆಮೇಲೆ ಸಂಕಟವಾಗುತ್ತಿತ್ತು.

ಬೆಂಗಳೂರಿನ ಹಳೆಯ ಥಿಯೇಟರೊಂದಕ್ಕೆ ಮೊರಾಕ್ಕೊ ದೇಶದ ಸರ್ಕಸ್ ತಂಡ ಬಂದಿದೆಯೆಂದು ತಿಳಿದು ಅವಳನ್ನು ಕಾರಿನಲ್ಲಿ ಕರೆದುಕೊಂಡು ಹೋದೆ. ರಾಜರ ಕಾಲದ ಕಟ್ಟಡ. ಉಳಿದಿದ್ದದ್ದು ಬಾಲ್ಕನಿ ಟಿಕೆಟ್ಟುಗಳು ಮಾತ್ರ. ಲಿಫ್ಟ್ ಇರುತ್ತದೆಂದುಕೊಂಡಿದ್ದೆ, ಆದರೆ ರಾಜರಿಗೆ ಅದು ಹೊಳೆದಿರಲಿಲ್ಲ. ಕಡಿದಾದ ಮರದ ಮೆಟ್ಟಿಲು ನೋಡಿದ್ದೇ ಅಮ್ಮಿ, "ನೀನ್ ಹೋಗಿ ನೋಡು ಬೇಟಿ, ನಾನ್ ಇಲ್ಲೇ ಇರ್ತೀನಿ" ಅಂದಳು. ಬಾಗಿಲಲ್ಲಿ ಟಿಕೆಟ್ ನೋಡುತ್ತಿದ್ದವರು ಪಾಪ ಎಂದು ಕೆಳಗೆ ಕೊನೆಯ ಸಾಲಿನ ಹಿಂದೆ ಒಂದು ಕುರ್ಚಿ ಹಾಕಿಕೊಟ್ಟರು. ನಾನೊಬ್ಬಳೇ ಮೇಲೆ ಹೋಗಿ ಕೂತು, ಅವಳ ಸೀಟಿನ ಮೇಲೆ ಬ್ಯಾಗ್ ಇಟ್ಟೆ.

ಡೋಲು ಶುರುವಾಯಿತು ನೋಡಿ, ಬೇಸರವೆಲ್ಲ ಎತ್ತಲೋ ಹೋಯಿತು. ಬಣ್ಣಬಣ್ಣದ ಸಡಿಲ ಪೈಜಾಮ ತೊಟ್ಟವರು ವೇದಿಕೆ ತುಂಬ ಲಾಗ ಹಾಕಿದರು. ನೆಲದ ಮೇಲೆ ಕಾಲಿಟ್ಟದ್ದೇ ಕಡಿಮೆ. ಆಮೇಲೆ ಒಬ್ಬರ ಹೆಗಲ ಮೇಲೊಬ್ಬರು ನಿಂತು ಗೋಪುರ ಕಟ್ಟಿದರು. ತುದಿಗೆ ಹತ್ತುತ್ತಿದ್ದ ಹುಡುಗಿ ಜಾರಿದಳು. ಕೆಳಗಿದ್ದವರು ಹಿಡಿದುಕೊಂಡರು. ಡೋಲು ನಿಂತಿತು. ಅವಳು ನಕ್ಕು, ಕೈ ಕೊಡವಿಕೊಂಡು, ಎಲ್ಲರಿಗೂ ಕೇಳುವಂತೆ "ಬಿಸ್ಮಿಲ್ಲಾ" ಅಂದಳು. ದೇವರ ಹೆಸರಲ್ಲಿ ಶುರು ಮಾಡುತ್ತೇನೆಂದು ನಮ್ಮ ಮನೆಯಲ್ಲಿ ಒಲೆ ಹಚ್ಚುವಾಗಲೂ ಹೇಳುವ ಮಾತು. ಎಲ್ಲಿಯ ಮೊರಾಕ್ಕೊ, ಎಲ್ಲಿಯ ಶಿಡ್ಲಘಟ್ಟ! ಹುಡುಗಿ ಮತ್ತೆ ಹತ್ತಿ, ತುದಿಯಲ್ಲಿ ನಿಂತು ಕೈ ಚಾಚಿದಳು. ಚಪ್ಪಾಳೆ ತಟ್ಟುತ್ತಿದ್ದಂತೆ ನನ್ನ ಕಣ್ಣು ತುಂಬಿತು.

ಚಪ್ಪಾಳೆ ನಿಂತ ಮೇಲೆ ಹಿಂದಿನಿಂದ ಅದೇ ಮಾತು ಕೇಳಿಸಿತು. ಏದುಸಿರಿನ ನಡುವೆ, "ಬಿಸ್ಮಿಲ್ಲಾ." ಮೆಟ್ಟಿಲು ಕಿರ್ ಅಂದಿತು. ಮತ್ತೆ, "ಬಿಸ್ಮಿಲ್ಲಾ." ತಿರುಗಿದರೆ ಮೆಟ್ಟಿಲ ಪಕ್ಕದ ಕಂಬಿ ಹಿಡಿದುಕೊಂಡು ಅಮ್ಮಿ. ಓಡಿಹೋಗಿ ಕೈ ಕೊಟ್ಟೆ. ಅದನ್ನು ತಳ್ಳಿ ಪಕ್ಕಕ್ಕೆ ಸರಿಸಿದಳು.

"ಕೆಳಗೆ ಮುಂದೆ ಕೂತೋನ ತಲೆನೇ ಅಡ್ಡ. ಏನ್ ಕಾಣತ್ತೆ ಮಣ್ಣು? ಬ್ಯಾಗ್ ತೆಗಿ" ಅಂದು ನನ್ನ ಪಕ್ಕ ಕೂತಳು. ಉಳಿದ ಆಟಕ್ಕೆಲ್ಲ ಅವಳದೇ ಜೋರು ಚಪ್ಪಾಳೆ.

ಊರಿಗೆ ಮರಳುತ್ತ ಕಾರು ನಮ್ಮ ಕಡೆಯ ವಿಜಯಪುರ ದಾಟುವಾಗ ಅಮ್ಮಿ ಪಕ್ಕದ ಮನೆ ಆಂಟಿಗೆ ಫೋನ್ ಮಾಡಿದಳು. ಹುಡುಗಿ ಜಾರಿದ ಕತೆ ಶುರು ಮಾಡಿದವಳು ಅರ್ಧಕ್ಕೆ ನಿಲ್ಲಿಸಿದಳು.

"ಇದು ಫೋನಲ್ಲಿ ಆಗೋದಲ್ಲ ಕಣಮ್ಮ, ಹೇಳಕ್ಕೆ ಎರಡೂ ಕೈ ಬೇಕು. ನಾಳೆ ಸಾಯಂಕಾಲ ಟೆರೇಸ್ ಮೇಲೆ ಬಾ. ಅಲ್ಲೇ ಹೇಳ್ತೀನಿ."