ಪ್ರಸಾದ ಹಿಡಿದವಳ ಮತ

ಸುಮತಿಯಕ್ಕನ ಎಡಗೈ ತೋರುಬೆರಳಿನ ಉಗುರಿನ ಬುಡದಲ್ಲಿ ಅರಶಿನ ಇತ್ತು. ಶಾಯಿ ಇರಲಿಲ್ಲ.

ಮತದಾನದ ದಿನ ಸಂಜೆ, ನಮ್ಮ ವಾರ್ಡಿನ ದೇವಸ್ಥಾನದ ಅಂಗಳ. ಅಪ್ಪ ಅಲ್ಲಿಯ ಅರ್ಚಕರು. ಸುಮತಿಯಕ್ಕ ಅಲ್ಲಿ ಗುಡಿಸಿ, ಪಾತ್ರೆ ತೊಳೆದು, ಹೂ ಕಟ್ಟುವವರು. ಸೇವಾ ಸಮಿತಿಯ ಯೋಗೀಶಣ್ಣ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಶಾಯಿಯ ಬೆರಳು ಎತ್ತಿಸಿ ಸೆಲ್ಫಿ ತೆಗೆಯುತ್ತಿದ್ದರು. ವಾಟ್ಸಾಪ್ ಗ್ರೂಪಿಗೆ ‘ನೂರಕ್ಕೆ ನೂರು’ ಅಂತ ಹಾಕಬೇಕಿತ್ತಂತೆ. ಸುಮತಿಯಕ್ಕ ಕೈ ಸೆರಗಿನೊಳಗೆ ಇಟ್ಟುಕೊಂಡಿದ್ದರು.

“ಎಂತ ಸುಮತಿಯಕ್ಕ, ಬೆರಳು ಮನೆಯಲ್ಲಿ ಮರೆತು ಬಂದದ್ದಾ?” ಎಂದರು ಯೋಗೀಶಣ್ಣ.

ಎಲ್ಲರೂ ನಕ್ಕರು. ಆಮೇಲೆ ಸೆರಗಿನಿಂದ ಹೊರಬಂದ ಕೈ ನೋಡಿದರು. ನಗು ನಿಂತಿತು.

“ಓಟು ಹಾಕ್ಲಿಲ್ವಾ? ದೇವಿಯ ಅಂಗಳದಲ್ಲಿ ಕೆಲಸ ಮಾಡಿಕೊಂಡು? ಅಷ್ಟೂ ಧರ್ಮ ಬೇಡ್ವಾ ನಿಮಗೆ?”

ಸುಮತಿಯಕ್ಕ ಪೊರಕೆ ತೆಗೆದುಕೊಂಡು ಹಿಂದಿನ ಬಾಗಿಲಿಗೆ ಹೋದರು. ಅವರು ಯಾಕೆ ಮತ ಹಾಕಲಿಲ್ಲ ಎಂದು ಆ ಅಂಗಳದಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ನಾನು ಅದನ್ನು ಹೇಳಲಿಲ್ಲ. (ನಾನು ಹೆಚ್ಚು ಮಾತಾಡುವವಳಲ್ಲ. ಈವರೆಗೆ ಅದನ್ನು ಒಳ್ಳೆಯ ಗುಣ ಎಂದುಕೊಂಡಿದ್ದೆ.)

ಸ್ವಲ್ಪ ಹಿಂದಿನಿಂದ ಹೇಳುತ್ತೇನೆ.

ಕೆಲವು ವಾರಗಳ ಹಿಂದೆ ಇದೇ ಅಂಕಣದಲ್ಲಿ ‘ಮತದಾನವೂ ಒಂದು ಪೂಜೆ’ ಎಂದು ಬರೆದಿದ್ದೆ. ನಿಮ್ಮಲ್ಲಿ ಕೆಲವರು ಮೆಚ್ಚಿ ಮೇಲ್ ಮಾಡಿದ್ದಿರಿ. ಕೊಡಿಯಾಲ್‌ಬೈಲಿನ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುವವಳು ಇನ್ನೆಂತ ಬರೆಯುವುದು? ಅಪ್ಪನಿಗೆ ಬಹಳ ಹೆಮ್ಮೆಯಾಗಿ ಅದನ್ನು ಕತ್ತರಿಸಿ ದೇವಸ್ಥಾನದ ನೋಟೀಸ್ ಬೋರ್ಡಿಗೆ ಅಂಟಿಸಿದರು. ಯೋಗೀಶಣ್ಣ ಅದರ ಫೋಟೋ ತೆಗೆದರು. “ಟೀಚರ್ ಬರೆದದ್ದು ಸರಿ ಉಂಟು. ಪೂಜೆಯೇ. ಹಾಗಾದರೆ ಪ್ರಾರ್ಥನೆಯೂ ಆಗಲಿ” ಎಂದರು.

ಪ್ರಾರ್ಥನೆ ಎಂದರೆ ನಮ್ಮಲ್ಲಿ ಕಣ್ಣು ಮುಚ್ಚಿ ಮನಸ್ಸಿನಲ್ಲಿ ಹೇಳಿಕೊಳ್ಳುವುದಲ್ಲ. ಅರ್ಚಕರು ಗರ್ಭಗುಡಿಯ ಎದುರು ನಿಂತು, ಸೇರಿದವರ ಪರವಾಗಿ, ಎಲ್ಲರಿಗೂ ಕೇಳುವಂತೆ ದೇವರಿಗೆ ಹೇಳುತ್ತಾರೆ. ಕೊನೆಯಲ್ಲಿ ಪ್ರಸಾದ ಕೊಡುತ್ತಾರೆ. ಕೈ ಚಾಚಿ ಹಿಡಿದರೆ ಮಾತು ಕೊಟ್ಟ ಹಾಗೆ. ಮುರಿದರೆ ತಪ್ಪು ಕಾಣಿಕೆ ಹಾಕಿ, ಮಾಡಿದ ತಪ್ಪನ್ನು ಬಾಯಿಬಿಟ್ಟು ಹೇಳಿ, ಬಿಡಿಸಿಕೊಳ್ಳಬೇಕು.

ಮತದಾನದ ಹಿಂದಿನ ದಿನ ಪೂಜೆಯ ನಂತರ ಅಪ್ಪ ಹೇಳಿದರು: “ತಾಯೇ, ಹತ್ತು ಸಮಸ್ತರು ಕೂಡಿ ನಿಂತಿದ್ದೇವೆ. ನಾಳೆಯ ಕಾರ್ಯದಲ್ಲಿ ಎಲ್ಲರೂ ಒಂದೇ ಮನಸ್ಸಿನಿಂದ ನಮ್ಮವರ ಕೈ ಹಿಡಿಯುತ್ತೇವೆ ಎಂದು ನಿನ್ನ ಪ್ರಸಾದ ಹಿಡಿಯುತ್ತಿದ್ದೇವೆ.”

‘ನಮ್ಮವರು.’ ಹೆಸರಿಲ್ಲ, ಚಿಹ್ನೆಯಿಲ್ಲ. ಯಾರೆಂದು ಅಂಗಳದ ಬೆಕ್ಕಿಗೂ ಗೊತ್ತಿತ್ತು.

ಸುಮತಿಯಕ್ಕ ಸಾಲಿನ ಕೊನೆಯಲ್ಲಿದ್ದರು. ಅವರೂ ಕೈ ಚಾಚಿದರು. ದೇವಿಯ ಪ್ರಸಾದ ಬೇಡ ಎನ್ನಲು ಬರುತ್ತದಾ?

ಮರುದಿನ ಬೆಳಿಗ್ಗೆ ನಮ್ಮ ಹಿಂಬಾಗಿಲಿಗೆ ಬಂದರು. ಕೈಯಲ್ಲಿ ಓಟರ್ ಸ್ಲಿಪ್ ಇತ್ತು.

“ಟೀಚರೇ, ಒಂದು ಕೇಳುವುದುಂಟು. ನಮ್ಮವರು ಅಂದ್ರೆ ಯಾರು?”

ಅವರ ಸಂಕಟ ಇಷ್ಟು. ನಮ್ಮ ವಾರ್ಡಿನಲ್ಲಿ ಟೈಲರ್ ಬಾಯಿಯೂ ಚುನಾವಣೆಗೆ ನಿಂತಿದ್ದಾರೆ. (ಬಾಯಿ ಎಂದು ನಮ್ಮಲ್ಲಿ ಕ್ರೈಸ್ತ ಹೆಂಗಸರನ್ನು ಕರೆಯುವ ರೂಢಿ.) ಕಳೆದ ಮಳೆಗಾಲ ಸುಮತಿಯಕ್ಕನ ಗಂಡ ತೆರೆದ ಚರಂಡಿಗೆ ಬಿದ್ದು ಕಾಲು ಮುರಿದುಕೊಂಡಾಗ ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದವರು ಅವರು. ಆಮೇಲೆ ಚರಂಡಿಗೆ ಚಪ್ಪಡಿ ಹಾಕಿಸಲು ತಿಂಗಳುಗಟ್ಟಲೆ ಆಫೀಸಿಗೆ ಅಲೆದವರೂ ಅವರೇ. ಪ್ರಾರ್ಥನೆ ಮಾಡಿಸಿದವರು ಆಗ ಚರಂಡಿ ನೋಡಲೂ ಬಂದವರಲ್ಲ.

“ನಂಗೆ ಬಾಯಿಯೇ ನಮ್ಮವರು,” ಎಂದರು ಸುಮತಿಯಕ್ಕ. “ಆದ್ರೆ ಭಟ್ರು ಹೇಳಿದ್ದು ಅವರನ್ನಲ್ಲ ಅಲ್ವಾ? ಬಾಯಿಗೆ ಹಾಕಿದ್ರೆ ದೇವಿಗೆ ಸುಳ್ಳು ಹೇಳಿದ ಹಾಗೆ ಆಗ್ತದಾ? ನೀವು ಪೇಪರಿನಲ್ಲೇ ಬರ್ದಿದ್ದೀರಂತೆ, ಓಟು ಪೂಜೆ ಅಂತ.”

ಉತ್ತರ ನನಗೆ ಗೊತ್ತಿತ್ತು. ದೇವರ ಹೆಸರಿನಲ್ಲಿ ಮತ ಕೇಳುವುದು ಅಪರಾಧ ಎಂದು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆದು, ಕೆಳಗೆ ಗೆರೆ ಎಳೆಯುತ್ತೇನೆ. “ಆ ಮಾತು ನಿಮ್ಮನ್ನು ಕಟ್ಟುವುದಿಲ್ಲ, ಹೋಗಿ ಬಾಯಿಗೇ ಹಾಕಿ” ಎನ್ನಲು ಎಷ್ಟು ಹೊತ್ತು ಬೇಕು?

ಆದರೆ ಅಪ್ಪ ಒಳಗೆ ಕಾಫಿ ಕುಡಿಯುತ್ತಿದ್ದರು. ಹಾಗೆ ಹೇಳಿದರೆ ಅಪ್ಪ ದೇವರ ಎದುರು ಹೇಳಿದ್ದು ತಪ್ಪು ಎಂದ ಹಾಗೆ ಆಗುತ್ತಿತ್ತು.

“ಅದು ಅಪ್ಪನ ಹತ್ರ ಕೇಳಿ ಸುಮತಿಯಕ್ಕ” ಎಂದೆ. ನನಗೆ ಬೂತಿಗೆ ಹೋಗಲು ಹೊತ್ತಾಗಿತ್ತು.

ಅವರು ಅಪ್ಪನ ಹತ್ತಿರ ಕೇಳಲಿಲ್ಲ. ಹೇಗೆ ಕೇಳುತ್ತಾರೆ? ಬೂತ್ ಇದ್ದ ಶಾಲೆಯ ಗೇಟಿನವರೆಗೆ ಹೋಗಿ, ಸ್ಲಿಪ್ ಹಿಡಿದು ಸ್ವಲ್ಪ ಹೊತ್ತು ನಿಂತು, ವಾಪಸ್ ಬಂದರಂತೆ. ಇದನ್ನು ನನಗೆ ಹೇಳಿದ್ದು ಆ ಸಂಜೆ, ಯೋಗೀಶಣ್ಣ ನಗುವುದಕ್ಕೆ ಅರ್ಧ ಗಂಟೆ ಮೊದಲು.

“ನೋಟಾ ಒತ್ತಬಹುದಿತ್ತಲ್ಲ?” ಎಂದು ಕೇಳಿದೆ. ಎಂಥ ಬುದ್ಧಿವಂತ ಪ್ರಶ್ನೆ!

“ಅದು ಒತ್ತಿದ್ರೂ ಕೊಟ್ಟ ಮಾತಿಗೆ ತಪ್ಪಿದ ಹಾಗೆಯೇ ಅಲ್ವಾ ಟೀಚರೇ? ಬಾಯಿಗೂ ಮೋಸ, ದೇವಿಗೂ ಮೋಸ. ಈಗ ತಪ್ಪು ಕಾಣಿಕೆ ಎಂತ ಹಾಕಬೇಕು ಅಂತ ಹೇಳಿ.”

ಉಳಿದವರೆಲ್ಲ ಮತ ಹಾಕಿದರು. ಪ್ರಸಾದ ಹಿಡಿದವರಲ್ಲೇ ಒಬ್ಬರು ಬೂತಿನಿಂದ ಹೊರಗೆ ಬಂದು, “ಪ್ರಾರ್ಥನೆ ಅದರಷ್ಟಕ್ಕೆ, ಓಟು ನಮ್ಮಷ್ಟಕ್ಕೆ ಮಾರಾಯ” ಎಂದು ಕಣ್ಣು ಮಿಟುಕಿಸಿದ್ದನ್ನು ನಾನೇ ನೋಡಿದ್ದೇನೆ. ಅವರ ಬೆರಳೂ ಸೆಲ್ಫಿಯಲ್ಲಿ ಉಂಟು, ಮುಂದಿನ ಸಾಲಿನಲ್ಲೇ. ಮತದಾನ ದೇವರ ಕೆಲಸ ಎಂದು ನಿಜವಾಗಿ ನಂಬಿದ್ದವರು ನಮ್ಮ ಇಡೀ ಅಂಗಳದಲ್ಲಿ ಒಬ್ಬರೇ. ಮತ ಹಾಕದೆ ಉಳಿದದ್ದೂ ಅವರೊಬ್ಬರೇ.

ಈ ಪದವನ್ನೇ ನೋಡಿ. ಮತ‘ದಾನ’. ಬಲಗೈ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದು ಎನ್ನುತ್ತಾರೆ ದಾನದ ಬಗ್ಗೆ. ನಾವು ಎಡಗೈಗೇ ಶಾಯಿ ಬಳಿಸಿಕೊಂಡು ಊರಿಗೆಲ್ಲ ತೋರಿಸುತ್ತೇವೆ. ಹೋಗಲಿ, ಶಾಯಿಗೆ ಅದರದ್ದೇ ಕಾರಣ ಉಂಟು. ಆದರೆ ಕೊಡುವ ಮೊದಲೇ ಕೈ ಹಿಡಿದು, ದೇವರ ಎದುರು ನಿಲ್ಲಿಸಿ, ಇಂಥವರಿಗೇ ಕೊಡು ಎಂದು ಬರೆಸಿಕೊಂಡರೆ ಅದು ದಾನವಾ? ಮತ ಹಾಕುವುದು ಧರ್ಮ ಎಂದು ಈಗಲೂ ನಂಬುತ್ತೇನೆ. ಧರ್ಮ ಅನ್ನುವುದು ಬೂತಿನ ಆ ರಟ್ಟಿನ ಮರೆಯ ಹಿಂದೆ ಒಬ್ಬಳೇ ನಿಂತಾಗ ಅವಳಿಗೂ ಅವಳ ದೇವರಿಗೂ ನಡುವೆ ಇರುವ ವಿಷಯ. ಅಲ್ಲಿಗೆ ಸಮಿತಿಯೂ ಬರಬಾರದು, ಅರ್ಚಕರೂ ಬರಬಾರದು. ಅಂಕಣ ಬರೆಯುವವರಂತೂ ಬರಲೇಬಾರದು.

ಆ ದಿನ ಊಟಕ್ಕೆ ಕೂತಾಗ ಅಪ್ಪನಿಗೆ ಎಲ್ಲ ಹೇಳಿದೆ.

“ನಾನು ಯಾರ ಹೆಸರೂ ಹೇಳಲಿಲ್ಲ ಮಾರಾಯ್ತಿ” ಎಂದರು. ಆಮೇಲೆ ಅನ್ನ ಕಲಸುತ್ತಾ, “ಸುಮತಿ ಅಷ್ಟು ಗಟ್ಟಿಯಾಗಿ ಹಿಡಿದುಕೊಳ್ತಾಳೆ ಅಂತ ಯಾರಿಗೆ ಗೊತ್ತಿತ್ತು?”

ಯೋಚಿಸಿ. ನಲವತ್ತು ವರ್ಷ ಪ್ರಸಾದ ಕೊಟ್ಟವರು ಕೇಳುವ ಪ್ರಶ್ನೆ ಇದು.

ಮರುದಿನ ಬೆಳಿಗ್ಗೆ ಸ್ನಾನ ಮಾಡಿ ದೇವಸ್ಥಾನಕ್ಕೆ ಹೋದೆ. ಮೊದಲ ಪೂಜೆಗೆ ಬಂದ ಏಳೆಂಟು ಮಂದಿ ಇದ್ದರು, ಯೋಗೀಶಣ್ಣನೂ ಇದ್ದರು. ಸುಮತಿಯಕ್ಕ ಕಂಬದ ಹತ್ತಿರ ಹೂ ಕಟ್ಟುತ್ತಿದ್ದರು. ತಪ್ಪು ಕಾಣಿಕೆ ಎಂದು ತಟ್ಟೆಗೆ ದುಡ್ಡು ಹಾಕಿದೆ.

“ಎಂತ ತಪ್ಪು ಅಂತ ಹೇಳಲಿ?” ಅಪ್ಪ ಮೆಲ್ಲಗೆ ಕೇಳಿದರು.

“ನಂಬಿದವಳ ಮತ ಕಟ್ಟಿಹಾಕಿದ್ದು ಅಂತ. ಎಲ್ಲರಿಗೂ ಕೇಳುವ ಹಾಗೆ ಹೇಳಿ ಅಪ್ಪ. ಹೆಸರು ನಂದೂ ಹೇಳಿ, ನಿಮ್ಮದೂ ಹೇಳಿ.”