ಗಾಳಿಮರೆಯ ಟ್ಯಾಂಕರ್

ಕಚೇರಿಯಲ್ಲಿ ಅವಳನ್ನು ಎಲ್ಲರೂ ಗಾಳಿ ಮೇಡಂ ಎಂದೇ ಕರೆಯುತ್ತಿದ್ದರು. ಕೂತಲ್ಲಿ ಕೂರುವ ಜೀವವಲ್ಲ ಅವಳದು. ಚಹಾ ಕುಡಿಯುವಾಗಲೂ ಲೋಟ ಹಿಡಿದು ಮೇಜುಗಳ ನಡುವೆ ಸುತ್ತುತ್ತಿದ್ದಳು. ಮಾಡುತ್ತಿದ್ದ ಕೆಲಸವೂ ಅದಕ್ಕೆ ತಕ್ಕಂತೆಯೇ ಇತ್ತು. ನಡುಸಮುದ್ರದಲ್ಲಿ ಕಚ್ಚಾ ಎಣ್ಣೆ ತುಂಬಿಕೊಂಡ ದೊಡ್ಡ ಹಡಗೊಂದು ಲಂಗರು ಹಾಕಿ ನಿಂತಿರುತ್ತದೆ. ಖಾಲಿ ಟ್ಯಾಂಕರ್ ಅದರ ಮಗ್ಗುಲಿಗೆ ಬಂದು, ಹಗ್ಗ ಬಿಗಿಸಿ, ಕೊಳವೆ ಜೋಡಿಸಿಕೊಂಡು ಎಣ್ಣೆ ತುಂಬಿಸಿಕೊಳ್ಳುತ್ತದೆ. ಆ ಹೊತ್ತಿನಲ್ಲಿ ಗಾಳಿ ಎರಡನ್ನೂ ಹೇಗೆ ತಳ್ಳೀತು ಎಂಬುದನ್ನು ಕಂಪ್ಯೂಟರಿನೊಳಗೆ ಬೀಸಿಸಿ ನೋಡುವುದೇ ಅವಳ ಕೆಲಸ.

“ಗಾಳಿಗೋಪುರ ಕಟ್ಟೋದನ್ನೇ ಕಸುಬು ಮಾಡ್ಕೊಂಡೋಳು ನಮ್ಮನೇಲಿ ಇವಳೊಬ್ಬಳೇ,” ಎಂದು ಅಕ್ಕ ನೆಂಟರನ್ನು ನಗಿಸುತ್ತಿದ್ದಳು. ಅಕ್ಕನ ಗಂಡ, ಅಂದರೆ ಇವಳ ಭಾವ, ಹಾಗೆ ಬರುವ ಟ್ಯಾಂಕರುಗಳನ್ನು ದೊಡ್ಡ ಹಡಗಿನ ಪಕ್ಕಕ್ಕೆ ತಂದು ಕಟ್ಟಿಸುವ ಕ್ಯಾಪ್ಟನ್. ಇವಳು ಬೀಸಿಸುವ ಗಾಳಿಯನ್ನು ಅವರು ಮೈಯೊಡ್ಡಿ ಉಣ್ಣುತ್ತಿದ್ದರು.

ಆ ವರ್ಷ ಅವಳಿಗೊಂದು ಸಂಗತಿ ಕಣ್ಣಿಗೆ ಬಿತ್ತು. ದೊಡ್ಡ ಹಡಗಿನ ಮರೆಯಲ್ಲಿ ಟ್ಯಾಂಕರ್ ಹಾಯಾಗಿರುತ್ತದೆ, ನಿಜ. ಆದರೆ ಗಾಳಿ ಸ್ವಲ್ಪ ದಿಕ್ಕು ತಿರುಗಿದರೂ ಟ್ಯಾಂಕರಿನ ಹಿಂಭಾಗ ಮರೆಯಿಂದ ಆಚೆ ಬೀಳುತ್ತದೆ, ಮುಂಭಾಗ ಒಳಗೇ ಉಳಿಯುತ್ತದೆ. ಆಗ ಹಿಂಭಾಗವನ್ನಷ್ಟೇ ಯಾರೋ ರಟ್ಟೆ ಹಿಡಿದು ಎಳೆದಂತೆ ಟ್ಯಾಂಕರ್ ತಿರುಗಿ, ಹಗ್ಗಗಳು ಪಟಪಟನೆ ಹರಿಯಬಹುದು. ಗಾಳಿ ಜೋರಾಗಬೇಕೆಂದೇನೂ ಇಲ್ಲ. ಹಾಗಂತ ಪ್ರತಿಸಲ ಹೀಗಾಗುತ್ತಲೂ ಇರಲಿಲ್ಲ. ಅದೇ ಅವಳ ತಲೆ ತಿನ್ನುತ್ತಿತ್ತು.

ಕ್ಯಾಪ್ಟನ್‌ಗಳ ತರಬೇತಿಗೆಂದು ಅವಳ ಕಚೇರಿಗೆ ಭಾವನೂ ಬಂದರು. ಹಡಗು ನಡೆಸುವ ಕೋಣೆಯಂತೆಯೇ ಕಟ್ಟಿದ ಕೋಣೆ, ಸುತ್ತ ಪರದೆಗಳ ಮೇಲೆ ಕಡಲು. ಪಕ್ಕದ ಕೋಣೆಯಿಂದ ಇವಳು ಗಾಳಿಯನ್ನು ತಿರುಗಿಸಿದಳು. ಟ್ಯಾಂಕರಿನ ಹಿಂಭಾಗ ಹೊರಳಿತು, ಹಗ್ಗಗಳು ಹರಿದವು, ಕೊಳವೆ ಕಿತ್ತುಬಂತು. ಭಾವ ಇನ್ನೊಮ್ಮೆ ಅಂದರು. ಇನ್ನೊಮ್ಮೆಯೂ ಅದೇ ಆಯಿತು.

ಬೆವರೊರೆಸಿಕೊಳ್ಳುತ್ತ ಹೊರಬಂದು, “ಇಷ್ಟು ವರ್ಷ ಸಮುದ್ರದಲ್ಲಿದೀನಿ, ಇಂಥ ಗಾಳಿ ನೋಡಿಲ್ಲ,” ಎಂದರು.

“ನೋಡದೇ ಇರೋದು ನಿಮ್ಮ ಅದೃಷ್ಟ ಇರಬಹುದು, ಭಾವ.”

ಊಟದ ಹೊತ್ತಿಗೆ ಅವರು ಬೇರೆ ಮೇಜಿಗೆ ಹೋಗಿ ಕೂತರು.

ಕೆಲವು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಅಕ್ಕನ ಫೋನ್ ಬಂತು. ಎಣ್ಣೆ ಅರ್ಧ ತುಂಬಿದ್ದಾಗಲೇ ಭಾವ ಕೊಳವೆ ಬಿಚ್ಚಿಸಿ, ಹಗ್ಗ ಕಳಚಿಸಿ, ಟ್ಯಾಂಕರನ್ನು ದೂರ ಕಳಿಸಿಬಿಟ್ಟಿದ್ದರಂತೆ. ಆಗ ಇದ್ದದ್ದು ತೆಳುಗಾಳಿ, ದಿಕ್ಕು ಮಾತ್ರ ತಿರುಗತೊಡಗಿತ್ತು. ಆಮೇಲೂ ಏನೂ ಆಗಲಿಲ್ಲ. ಕಡಲು ತನ್ನ ಪಾಡಿಗೆ ತಾನಿತ್ತು. ಕಂಪನಿಯವರು ಭಾವನನ್ನು ದಡಕ್ಕೆ ಕರೆಸಿ ವಿಚಾರಣೆ ಇಟ್ಟಿದ್ದರಂತೆ.

“ನಿನ್ನ ಪೆಟ್ಟಿಗೆಯೊಳಗಿನ ಗಾಳಿ ನಂಬ್ಕೊಂಡು ನನ್ನ ಗಂಡ ಕೆಲಸ ಕಳ್ಕೊಳ್ಳೋ ಹಾಗಾಯ್ತು,” ಎಂದ ಅಕ್ಕ ಫೋನ್ ಇಟ್ಟುಬಿಟ್ಟಳು.

ಗಾಳಿ ಮೇಡಂ ಆ ದಿನ ಹಡಗಿನ ಮೇಲೆ ಅಳೆದಿದ್ದ ಗಾಳಿಯ ವಿವರ ತರಿಸಿಕೊಂಡಳು. ಟ್ಯಾಂಕರ್ ಅಲ್ಲೇ ಕಟ್ಟಿದ್ದಿದ್ದರೆ ಏನಾಗುತ್ತಿತ್ತು ಎಂದು ಬೀಸಿಸಿ ನೋಡಿದಳು. ಹಗ್ಗ ತಡೆಯಿತು. ಗಾಳಿಯ ಸಣ್ಣ ಏರಿಳಿತ ಬದಲಿಸಿ ಮತ್ತೆ ನೋಡಿದಳು, ತಡೆಯಿತು. ಮತ್ತೊಮ್ಮೆ ನೋಡಿದಾಗ ಹರಿಯಿತು. ಹೀಗೇ ಹಲವು ಸಲ ತಡೆದರೆ ಆಗೀಗ ಹರಿಯಿತು. ಬಸ್ಸಿಗೆ ಕಾಯುವಾಗ ಎದುರು ಮನೆಯ ಒಣಹಾಕಿದ ಬಟ್ಟೆ ಅಲುಗಿದರೂ ಯಾವ ದಿಕ್ಕಿಗೆಂದು ನೋಡುತ್ತಿದ್ದಳು. ಹಗ್ಗ ಹರಿದದ್ದೊಂದನ್ನೇ ಆರಿಸಿ ವಿಚಾರಣೆಯಲ್ಲಿ ತೋರಿಸಿಬಿಡಿ, ಭಾವನೂ ಉಳೀತಾರೆ, ಎಂದು ಜೊತೆಯ ಇಂಜಿನಿಯರ್ ಮೆಲ್ಲಗೆ ಹೇಳಿದ. ಅವಳಿಗೂ ಆಸೆಯಾಗದೆ ಇರಲಿಲ್ಲ.

ವಿಚಾರಣೆಯ ಹಿಂದಿನ ದಿನ ಅಕ್ಕನ ಮನೆಗೆ ಹೋದಳು. ಅಕ್ಕ ಬಾಗಿಲು ತೆಗೆದು, ತಿರುಗಿ ಒಳಗೆ ಹೋದಳು. ಭಾವ ಬಚ್ಚಲ ನಲ್ಲಿಯನ್ನು ಬಿಚ್ಚಿ ಹರಡಿಕೊಂಡು ಕೂತಿದ್ದರು.

“ಭಾವ, ಖಂಡಿತ ಅನಾಹುತ ಆಗ್ತಿತ್ತು ಅಂತ ನಾನು ಹೇಳಲಾರೆ. ಕೆಲವು ಸಲ ಆಗುತ್ತೆ. ಹೆಚ್ಚು ಸಲ ಆಗಲ್ಲ.”

ಅವರು ನಲ್ಲಿಯ ತಿರುಪು ಕೆಳಗಿಟ್ಟರು. “ಹೆಚ್ಚು ಸಲ ಆಗಲ್ಲ ಅಂತ ನನಗೂ ಗೊತ್ತಿತ್ತು. ಕೊಳವೆ ಹತ್ರ ಜನ ನಿಂತಿದ್ರು. ಕೆಲವು ಸಲ ಅನ್ನೋದೇ ನನಗೆ ಸಾಕಾಯ್ತು. ನಾಳೆಯೂ ಇದ್ದದ್ದು ಇದ್ದ ಹಾಗೇ ಹೇಳು.”

ಹಾಗೇ ಹೇಳಿದಳು. ತಡೆದದ್ದನ್ನೂ ತೋರಿಸಿದಳು, ಹರಿದದ್ದನ್ನೂ ತೋರಿಸಿದಳು. ನಡುವೆ ಒಮ್ಮೆ ನೀರು ಕೇಳಿದಳು. ವಿಚಾರಣೆಯವರು ಭಾವನನ್ನು ಕೆಲಸದಿಂದ ತೆಗೆಯಲಿಲ್ಲ, ಬೆನ್ನೂ ತಟ್ಟಲಿಲ್ಲ. ಕೆಲಕಾಲ ದಡದಲ್ಲಿರಲಿ ಎಂದು ಅದೇ ತರಬೇತಿ ಕೋಣೆಯ ಕೆಲಸಕ್ಕೆ ಹಾಕಿದರು.

ಒಂದು ದಿನ ಭಾವ ಅಕ್ಕನನ್ನೂ ಅಲ್ಲಿಗೆ ಕರೆತಂದು ಪರದೆಗಳ ನಡುವೆ ನಿಲ್ಲಿಸಿದರು. ಗಾಳಿ ತಿರುಗಿ ಟ್ಯಾಂಕರ್ ಹೊರಳಿದಾಗ ಅಕ್ಕ ಕಂಬಿ ಬಿಗಿಹಿಡಿದು ಕಣ್ಮುಚ್ಚಿದಳು. ಹೊರಬಂದು ಬೆಂಚಿನ ಮೇಲೆ ಕೂತು, ತಂಗಿಯ ಕೈಯಿಂದಲೇ ನೀರು ಇಸಿದುಕೊಂಡಳು.

“ದಿನಾ ಇದರೊಳಗಾ ಇವರು ನಿಲ್ಲೋದು?”

“ದಿನಾ ಅಲ್ಲಕ್ಕ. ಕೆಲವು ಸಲ.”

ಮಳೆಗಾಲ ಕಳೆದ ಮೇಲೆ ಭಾವ ಮತ್ತೆ ಸಮುದ್ರಕ್ಕೆ ಹೋದರು. ಅವರು ಟ್ಯಾಂಕರ್ ಕಟ್ಟಿಸುವ ದಿನ ಅಕ್ಕ ಈಗ ಮನೆಯಲ್ಲಿ ಒಬ್ಬಳೇ ಇರಲಾರಳು. ಅಡುಗೆ ಡಬ್ಬಿಗೆ ತುಂಬಿಕೊಂಡು ತಂಗಿಯ ಕಚೇರಿಗೇ ಬಂದುಬಿಡುತ್ತಾಳೆ. ಇಬ್ಬರೂ ಉಣ್ಣುತ್ತಾರೆ, ಅರ್ಧಕ್ಕೇ ಎದ್ದು ಫೋನ್ ನೋಡುತ್ತಾರೆ.