ಮೂವತ್ತು ಡಿಗ್ರಿ ಅಕ್ಕ

ಬೆಳಗಿನ ಐದೂವರೆ. ಮುದ್ರಣಾಲಯದ ಹಿಂಬದಿಯ ಕೋಣೆಯಲ್ಲಿ ಒಂದೇ ಒಂದು ಟ್ಯೂಬ್‌ಲೈಟ್ ಉರಿಯುತ್ತಿದೆ. ಅದರ ಕೆಳಗೆ ಕೂತ ಹೆಂಗಸೊಬ್ಬರು ಹಳೆಯ ಪ್ರೂಫ್ ಹಾಳೆಯ ಹಿಂಬದಿಯಲ್ಲಿ ಮೋಟು ಪೆನ್ಸಿಲ್ ಹಿಡಿದು ಲೆಕ್ಕ ಮಾಡುತ್ತಿದ್ದಾರೆ. ಎಂಟಕ್ಕೆ ಯಂತ್ರಗಳು ಶುರುವಾದರೆ ನೆಲವೇ ಗಡಗಡ ನಡುಗುತ್ತದೆ, ತಲೆ ಓಡುವುದಿಲ್ಲ. ಅಷ್ಟರೊಳಗೆ ಅರವತ್ತು ಉತ್ತರ ಮುಗಿಯಬೇಕು.

ಗಣಿತದ ಗೈಡು ಕೊಂಡವರು ಮೊದಲು ತೆರೆಯುವುದು ಕೊನೆಯ ಪುಟಗಳನ್ನು. ನಾನಂತೂ ಬೇರೆ ಪುಟ ತೆರೆದದ್ದೇ ಕಡಿಮೆ! ಆದರೆ ಆ ಉತ್ತರಗಳನ್ನೆಲ್ಲ ಒಂದೊಂದಾಗಿ ಮಾಡಿ ನೋಡುವವರೊಬ್ಬರು ಇರುತ್ತಾರೆ ಎಂಬುದು ನನ್ನ ಮಂಡೆಗೆ ಹೊಳೆದಿರಲಿಲ್ಲ. ಪುಸ್ತಕದ ಮೇಲೆ ಬರೆದ ಮೇಷ್ಟ್ರ ಹೆಸರಿರುತ್ತದೆ, ಒಳಗೆ ಪ್ರಕಾಶಕರದು. ಇವರದು ಎಲ್ಲೂ ಇಲ್ಲ. ಇಲ್ಲಿ ಎಲ್ಲರೂ ಇವರನ್ನು ಕರೆಯುವುದು ‘ಮೂವತ್ತು ಡಿಗ್ರಿ ಅಕ್ಕ’ ಎಂದು.

“ಉತ್ತರ ಬಂದ್ಮೇಲೆ ಥೀಟಾ ಇರೋ ಕಡೆಯೆಲ್ಲ ಮೂವತ್ತು ಡಿಗ್ರಿ ಹಾಕ್ತೀನಿ. ಪ್ರಶ್ನೆಗೂ ಉತ್ತರಕ್ಕೂ ಒಂದೇ ಬೆಲೆ ಬರ್ಬೇಕು. ನಲವತ್ತೈದು ಹಾಕ್ಬಾರ್ದು ಸಾರ್, ಅಲ್ಲಿ ಸೈನೂ ಕಾಸೂ ಒಂದೇ. ಅದರ ಜಾಗದಲ್ಲಿ ಇದು ಕೂತಿದ್ರೂ ಗೊತ್ತಾಗಲ್ಲ.”

ಇವರ ಅಪ್ಪ ಇದೇ ಕೋಣೆಯಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದವರು. ಅವರ ಕಣ್ಣು ಮಂಜಾದಾಗ ಮಗಳು ಬಿಎಸ್ಸಿ ಎರಡನೇ ವರ್ಷಕ್ಕೇ ಓದು ಬಿಟ್ಟು ಬಂದು ಅದೇ ಸ್ಟೂಲಿನ ಮೇಲೆ ಕೂತರು. ಹದಿನೇಳು ವರ್ಷವಾಯಿತು. ಮೂವತ್ತು ಡಿಗ್ರಿಯ ಅಭ್ಯಾಸ ಮೊದಲ ವರ್ಷ ಇರಲಿಲ್ಲ. ಅಯ್ಯೋ, ಇರಬೇಕಿತ್ತು.

ಆ ವರ್ಷದ ಗೈಡಿನಲ್ಲಿ ಒಂದು ಲೆಕ್ಕವಿತ್ತು: ಕಾಸ್ ಸ್ಕ್ವೇರ್ ಥೀಟಾವನ್ನು ಒಂದು ಮೈನಸ್ ಸೈನ್ ಥೀಟಾದಿಂದ ಭಾಗಿಸಿ, ಸುಲಭ ರೂಪಕ್ಕೆ ತನ್ನಿ. ಹಾಳೆ ಎಳೆದುಕೊಂಡು ನನಗೂ ಪಾಠ ಮಾಡುತ್ತಾರೆ. “ಕಾಸ್ ಸ್ಕ್ವೇರ್ ಅಂದ್ರೆ ಒಂದು ಮೈನಸ್ ಸೈನ್ ಸ್ಕ್ವೇರ್. ಅಪವರ್ತನ ಮಾಡಿದ್ರೆ ಎರಡು ಬ್ರಾಕೆಟ್ಟು: ಒಂದು ಮೈನಸ್ ಸೈನ್, ಒಂದು ಪ್ಲಸ್ ಸೈನ್. ಮೈನಸ್ಸಿನದು ಮೇಲೂ ಇದೆ, ಕೆಳಗೂ ಇದೆ, ಹೊಡೆದುಹಾಕಿ. ಉಳಿಯೋದು ಒಂದು ಪ್ಲಸ್ ಸೈನ್ ಥೀಟಾ. ಮೇಷ್ಟ್ರು ಹಾಗೇ ಬರೆದಿದ್ರು. ನಾನು ಬಾಯಲ್ಲೇ ಲೆಕ್ಕ ಮಾಡಿ, ಹೊಡೆದುಹಾಕಿದ್ದನ್ನೇ ಉತ್ತರ ಅಂದ್ಕೊಂಡು, ಅವರ ಪ್ಲಸ್ಸನ್ನ ಮೈನಸ್ ಅಂತ ತಿದ್ದಿಬಿಟ್ಟೆ.”

ಅಚ್ಚಾದ ಮೊದಲ ಪ್ರತಿಯನ್ನು ತಂಗಿಗೆ ಕೊಟ್ಟರು. ತಂಗಿಗೆ ಗಣಿತದ ಟೀಚರ್ ಆಗುವ ಆಸೆ. ಮರುವರ್ಷ ಇದ್ದಕ್ಕಿದ್ದಂತೆ ಅವಳು ಗಣಿತವನ್ನೇ ಬಿಟ್ಟಳು. ಯಾಕೆಂದು ಕೇಳಿದರೆ, “ನನ್ನ ತಲೆಗೆ ಹತ್ತಲ್ಲ ಬಿಡಕ್ಕ” ಎಂದಳಂತೆ. ಈಗ ಬಟ್ಟೆ ಕಾರ್ಖಾನೆಯಲ್ಲಿ ಅಂಗಿಯ ಕಾಲರ್ ಕತ್ತರಿಸುತ್ತಾಳೆ.

ಮೂರನೇ ವರ್ಷ ಗೈಡಿನ ಮರುಮುದ್ರಣಕ್ಕೆ ಕೂತಾಗ ಆ ಮೈನಸ್ ಅಕ್ಕನ ಕಣ್ಣಿಗೆ ಬಿತ್ತು. ಮನೆಗೆ ಹೋಗಿ ಅಟ್ಟದಿಂದ ತಂಗಿಯ ಹಳೆಯ ನೋಟ್‌ಬುಕ್ ಇಳಿಸಿದರು. ಆ ಲೆಕ್ಕವನ್ನು ತಂಗಿ ಹನ್ನೊಂದು ಸಲ ಮಾಡಿದ್ದಳು. ಪ್ರತಿ ಸಲವೂ ಪ್ಲಸ್ ಬಂದಿತ್ತು, ಪ್ರತಿ ಸಲವೂ ಅಳಿಸಿದ್ದಳು. ಪೆನ್ಸಿಲಿನ ಗುರುತು ಮಾತ್ರ ಉಳಿದಿತ್ತು, ಕೊನೆಯ ಸಲ ಅಳಿಸಿದಲ್ಲಿ ಹಾಳೆಯೇ ತೂತಾಗಿತ್ತು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ‘ನನಗೆ ಗಣಿತ ಬರಲ್ಲ’ ಎಂದಿತ್ತು.

“ಹನ್ನೊಂದು ಸಲ ಸರಿಯಾಗಿ ಮಾಡಿದ್ಲು ಸಾರ್. ಹನ್ನೊಂದು ಸಲವೂ ತಪ್ಪು ಅಂತ ಹೇಳಿದ್ದು ನಾನು.” ಪೆನ್ಸಿಲ್ ಕೆಳಗಿಡುತ್ತಾರೆ.

ಗೈಡನ್ನು ಅಂದೇ ತಿದ್ದಿದರು. ತಂಗಿಗೆ ಮಾತ್ರ ಇಂದಿಗೂ ಹೇಳಿಲ್ಲ. ಹದಿನಾಲ್ಕು ವರ್ಷ! ನನಗೆ ರೇಗಿಯೇಹೋಯಿತು. “ಇದೇನಮ್ಮಾ, ಒಂದು ಮಾತು ಹೇಳೋಕೆ ಇಷ್ಟು ವರ್ಷವೇ?” ಎಂದೆ.

“ಹೇಳೋಣ ಅಂತಲೇ ಹೋಗ್ತೀನಿ. ಅವಳು ಪಕ್ಕದ ಮನೆಯವರನ್ನ ಕರೆದು, ‘ನಮ್ಮಕ್ಕನ ಕಣ್ಣಿಗೆ ಒಂದು ಚುಕ್ಕೆ ತಪ್ಪಿದ್ರೂ ಬೀಳುತ್ತೆ’ ಅಂತ ಹೊಗಳ್ತಾಳೆ. ಟೀ ಕುಡಿದು ಎದ್ದು ಬರ್ತೀನಿ.”

ಯಂತ್ರದವರು ಒಬ್ಬೊಬ್ಬರಾಗಿ ಬರುತ್ತಿದ್ದಾರೆ. ಅರವತ್ತರಲ್ಲಿ ಇನ್ನೂ ನಾಲ್ಕು ಬಾಕಿ, ನನ್ನ ಮಾತಿನಿಂದಲೇ ತಡವಾಗಿದೆ. ನಿಮಗೇನಾದರೂ ಆಸೆ ಇದೆಯೇ ಎಂದು ಎದ್ದು ನಿಂತು ಕೇಳಿದೆ. ನನ್ನ ಪೇಪರಿನ ಅಂಕಣದಲ್ಲಾದರೂ ಹೆಸರು ಹಾಕಿ ಎನ್ನಬಹುದು ಎಂದುಕೊಂಡಿದ್ದೆ.

“ಅವಳು ನಿಮ್ಮ ಭಾನುವಾರದ ಪೇಪರ್ ತಪ್ಪಿಸಲ್ಲ. ಅಚ್ಚಿನಲ್ಲಿ ತಪ್ಪು ಹೇಳಿದೀನಿ, ಅಚ್ಚಿನಲ್ಲೇ ಸರಿ ಮಾಡ್ಬೇಕು. ‘ಒಂದು ಪ್ಲಸ್ ಸೈನ್ ಥೀಟಾ, ನಿಂದೇ ಸರಿ ಇತ್ತು ಕಣೇ’ ಅಂತ ಹಾಕ್ತೀರಾ? ಪ್ರೂಫ್ ಮಾತ್ರ ನಾನೇ ನೋಡ್ತೀನಿ.”

ನೋಡಿದರು. ಈ ಪುಟದ ಅಂಚಿನಲ್ಲಿ ಮೂವತ್ತು ಡಿಗ್ರಿ ಹಾಕಿ, ಎರಡೂ ಕಡೆ ಒಂದೂವರೆ ಬಂದ ಮೇಲೆಯೇ ಸಹಿ ಮಾಡಿದರು.